ಮುದತಿನ ಜ್ವರ

ಸೊಲ್ಲಾಪುರದ ದೊಡ್ಡಾಸ್ಪತ್ರೆ. ಮಕ್ಕಳ ವಾರ್ಡಿನ ಹಿಂದೆ
ಮುರಿದ ಸಲೈನ್ ಸ್ಟ್ಯಾಂಡುಗಳ ಸಂದಿ ದಾಟಿದರೆ
ನಮ್ಮ ಅಧ್ಯಯನದ ಕೋಣೆ: ಒಂದು ಮೇಜು, ಒಂದು ಫ್ರಿಜ್ಜು,
ಬೀಗದ ಕಪಾಟಿನಲ್ಲಿ ಅಂಟು ಹಚ್ಚಿದ ಲಕೋಟೆಗಳು.
ಒಪ್ಪಿಗೆ ಕೇಳುವುದು ನನ್ನ ಕೆಲಸ.

ಇಲ್ಲಿಯವರು ಮುದತಿನ ಜ್ವರ ಅಂತಾರೆ,
ಸಾಲಕ್ಕಿರುವಂತೆ ಅದಕ್ಕೂ ಒಂದು ಗಡುವು:
ಏಳು, ಹದಿನಾಲ್ಕು, ಇಪ್ಪತ್ತೊಂದು.
ನಮ್ಮ ಹಾಳೆಯಲ್ಲಿ ಅದರ ಹೆಸರು ಉದ್ದ,
ಓರೆ ಅಕ್ಷರದಲ್ಲಿ, ಜ್ವರದಲ್ಲಿ ಒರಗಿದವರ ಹಾಗೆ.

ಕಸ್ತೂರವ್ವ ಮ್ಹೇತ್ರೆ. ದಿನಕ್ಕೆ ಎಂಟುನೂರು ಬೀಡಿ.
ಮಗ ಅಮೋಗಿ, ಹನ್ನೊಂದು ವರ್ಷ, ಒಂಬತ್ತನೇ ದಿನದ ಜ್ವರ,
ನಾಲಿಗೆಯ ಮೇಲೆ ಸುಣ್ಣ ಬಳಿದಂತೆ, ಅಂಚಷ್ಟೇ ಕೆಂಪು.

‘ಸೂಜಿಮದ್ದು ಎಲ್ಲಾರಿಗೂ ಅದs ಅವ್ವಾ.
ಅದರ ಜೋಡಿ ಒಂದ್ ಗುಳಿಗಿ. ಕೆಲವರ ಗುಳಿಗ್ಯಾಗ ಔಷಧ ಇರ್ತದ,
ಕೆಲವರದ್ರಾಗ ಬರೇ ಹಿಟ್ಟು.’
‘ಯಾವುದು ಛಲೋ?’
‘ಗೊತ್ತಿಲ್ಲ.’
‘ಡಾಕ್ಟರಿಗೆ?’
‘ಅವರಿಗೂ ಗೊತ್ತಿಲ್ಲ. ಅದಕ್ಕs ಕೇಳಾಕತ್ತೀವಿ.’
ಆಕೆ ಸೆರಗಿನಿಂದ ಹುಡುಗನ ಕುತ್ತಿಗೆ ಒರೆಸಿದಳು, ಬಹಳ ಹೊತ್ತು.

ಕನ್ನಡದ ಹಾಳೆ ಯಾರೋ ಎಲ್ಲೋ ಕೂತು ಮಾಡಿದ್ದು.
ಅದರ ‘ಯಾದೃಚ್ಛಿಕ ಹಂಚಿಕೆ’ ನನ್ನ ಗಂಟಲಿಗೇ ಸಿಗಬೀಳುತ್ತದೆ.
ಚೀಟಿ ಎತ್ತೂದು, ಅಂದೆ.
‘ಭಿಶಿ ಚೀಟಿ ಇದ್ದಂಗ?’
ಹೂಂ, ಹಂಗs.
‘ಭಿಶಿದಾಗ ಕಡೀಕರೆ ಎಲ್ಲಾರ ಪಾಳಿ ಬರತದಲ್ರೀ, ಬಾಯಿ.’

ಇದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ.
ನಾನು ಹೆಬ್ಬೆಟ್ಟಿನ ಮಸಿಡಬ್ಬಿ ತೆರೆದೆ.
ಎಲೆ ಮಡಿಸಿ ಮಡಿಸಿ ಸವೆದ ಬೆರಳು:
ಗೆರೆ ಮೂಡಲಿಲ್ಲ, ಬರೀ ಒಂದು ನೀಲಿ ಬಟ್ಟು.
ಪಕ್ಕದ ಹಾಸಿಗೆಯ ಹುಡುಗಿಯ ಮಾವ
ಸಾಕ್ಷಿ ಅಂತ ಮೋಡಿಯಂಥ ಸಹಿ ಹಾಕಿದ.

ರಾತ್ರಿ ಎರಡಕ್ಕೆ ಯಂತ್ರ ಕೂಗಿತು.
ಹುಡುಗನ ರಕ್ತ ಹಾಕಿದ್ದ ಬಾಟಲಿಯಲ್ಲಿ ಏನೋ ಉಸಿರಾಡುತ್ತಿದೆ.
ಮುಮತಾಜ ನದಾಫ ಗಾಜಿನ ಮೇಲೆ ಒಂದು ಹನಿ ಎಳೆದು
ಬಣ್ಣ ಹಾಕಿ, ತೊಳೆದು, ನನ್ನನ್ನು ಕರೆದಳು.
ಸಣ್ಣ ಗುಲಾಬಿ ಕಡ್ಡಿಗಳು.
ಇನ್ನೊಂದು ಹನಿಯಲ್ಲಿ, ಬಣ್ಣವಿಲ್ಲದೆ, ಅವು ಈಜುತ್ತಿದ್ದವು,
ಎಲ್ಲಿಗೂ ಹೋಗಬೇಕಿಲ್ಲದ ಮೀನುಗಳ ಖುಷಿಯಲ್ಲಿ.
‘ಚಂದ ಅದಾವ ನೋಡ್,’ ಅಂದಳು. ಆಮೇಲೆ ಸುಮ್ಮನಾದಳು.

ಹದಿಮೂರನೇ ದಿನ ಜ್ವರ ತಾನಾಗಿ ಇಳಿಯಿತು.
ಕಸ್ತೂರವ್ವ ನಕ್ಕಳು. ದೇಶಮಾನೆ ಡಾಕ್ಟರು ನಗಲಿಲ್ಲ,
ಹೊಟ್ಟೆಯ ಮೇಲೆ ಕೈಯಿಟ್ಟರು: ಹಲಗೆ.
ಕರುಳಿನಲ್ಲಿ ಜೋಳದ ಕಾಳಿನಷ್ಟು ತೂತು.
ಅವರು ಹೊಲಿಯುವ ಹೊತ್ತಿಗೆ
ನಾನು ಹೊರಗೆ ಬೆಂಚಿನ ಮೇಲೆ ‘ಗಂಭೀರ ಘಟನೆ’ಯ ನಮೂನೆ ತುಂಬುತ್ತಿದ್ದೆ,
ಇಪ್ಪತ್ನಾಲ್ಕು ತಾಸಿನೊಳಗೆ ಕಳಿಸಬೇಕು.
ಅದರಲ್ಲೊಂದು ಪ್ರಶ್ನೆ:
ಅಧ್ಯಯನದ ಔಷಧಕ್ಕೂ ಇದಕ್ಕೂ ಸಂಬಂಧ ಉಂಟೆ?
ಇದೆ. ಇಲ್ಲ. ಇರಬಹುದು. ಹೇಳಲಾಗದು.
ನಾಲ್ಕು ಚೌಕ. ನನ್ನ ಪೆನ್ನು ಒಂದೇ.

ತೊಂಬತ್ತನೇ ದಿನದ ಭೇಟಿ. ಅಕ್ಕಲಕೋಟ ರಸ್ತೆಯ ಒಳ ಓಣಿ,
ಮಗ್ಗಗಳ ಸದ್ದಿನಲ್ಲಿ ಮಾತು ಅರ್ಧರ್ಧ.
ನಾಲ್ಕು ದಿನದ ಮೇಲೆ ನಳ ಬಂದಿತ್ತು;
ಕೊಡ, ಬಕೀಟು, ಪಾತೇಲಿ, ಒಂದು ಬಣ್ಣದ ಡಬ್ಬಿ ಕೂಡ ತುಂಬಿ ನಿಂತಿದ್ದವು.
ಅಮೋಗಿ ಅಂಗಿ ಎತ್ತಿ ಗಾಯ ತೋರಿಸಿದ,
ಗೆಳೆಯರಿಗೆ ಐವತ್ತು ಪೈಸೆಗೊಮ್ಮೆ ತೋರಿಸಲು ಹೋಗಿ
ಅವ್ವನ ಕೈಲಿ ಏಟು ತಿಂದಿದ್ದಾನಂತೆ.

‘ಚೀಟ್ಯಾಗ ಏನ್ ಬಂದಿತ್ರೀ ನಮಗ?’
ಇನ್ನೂ ತೆರೆದಿಲ್ಲ ಅವ್ವಾ. ಎಲ್ಲಾರದೂ ಮುಗೀಬೇಕು.
‘ಎಲ್ಲಾರೂ ಅಂದ್ರ?’
ಸಾಕ್ಷಿ ಹಾಕಿದ ಮಾವನ ಆ ಹುಡುಗಿಯ ಸಾಲು
ಹದಿನೇಳನೇ ದಿನದ ಆಚೆ ಖಾಲಿ. ಅದನ್ನು ಹೇಳಲಿಲ್ಲ.

ಆಕೆ ತಂಬಿಗೆಯಲ್ಲಿ ನೀರು ತಂದಳು.
ನನ್ನ ಕೈ ಒಂದು ಕ್ಷಣ ಮುಂದೆ ಹೋಗಲಿಲ್ಲ.
ಆಕೆ ಅದನ್ನು ನೋಡಿದಳು.
‘ಕಾಸೀನ್ರೀ,’ ಅಂದಳು,
ಸಿಟ್ಟಿಲ್ಲದೆ, ನಮೂನೆ ತುಂಬುವವರ ದನಿಯಲ್ಲಿ.
ಕುಡಿದೆ. ನೀರಿಗೆ ಹೊಗೆಯ ವಾಸನೆಯಿತ್ತು,
ತಳದಲ್ಲಿ ತಂಬಾಕಿನ ಒಂದು ಚೂರು.